ಒಂದೇ ಕೋಣೆಯಲ್ಲಿ ಇಬ್ಬರು ಕೌನ್ಸಿಲರ್

ಸಿಂಗಾನಲ್ಲೂರು
19-7-2025, ಶನಿವಾರ

ತೆನ್ಮೊಳಿಯ ಅಪ್ಪನವರಿಗೆ,

ನಮಸ್ಕಾರ. ಲಕೋಟೆ ಕಂಡು ಗಾಬರಿಯಾಗಬೇಡಿ, ವಕೀಲರದ್ದಲ್ಲ, ನನ್ನದೇ. ಫೋನ್ ಮಾಡಬಹುದಿತ್ತು. ಆದರೆ ಸಿಟ್ಟಿನಲ್ಲಿ ನಿಮ್ಮ ನಂಬರನ್ನು ಬ್ಲಾಕ್ ಮಾಡಿದವಳಿಗೆ ಅದನ್ನು ಬಿಡಿಸುವುದು ತಿಳಿಯುತ್ತಿಲ್ಲ, ಇನ್ನೊಬ್ಬರನ್ನು ಕೇಳಲು ಮರ್ಯಾದೆ ಅಡ್ಡ ಬರುತ್ತದೆ. ಆಡಿ ತಿಂಗಳು, ಅಂದರೆ ನಮ್ಮ ಕಡೆಯ ಆಷಾಢ, ಹುಟ್ಟಿದೆ. ಆಡಿಯಲ್ಲಿ ಹೊಸ ಜೋಡಿಗಳನ್ನು ಬೇರೆ ಬೇರೆ ಇಡುವುದು ಇಲ್ಲಿಯ ವಾಡಿಕೆ. ತಲೆ ನರೆಯುವ ಕಾಲಕ್ಕೆ, ಯಾರೂ ಹೇಳದೆ, ಮೂರು ತಿಂಗಳ ಹಿಂದಿನ ಚಿತ್ತಿರೈಯಿಂದಲೇ ಆಡಿ ಆಚರಿಸುತ್ತಿರುವವರು ನಾವಿಬ್ಬರೇ ಇರಬೇಕು.

ನಮ್ಮ ಮನೆಯಲ್ಲಿ ಕನ್ನಡ ಆಡುವವರು ಎಲ್ಲರೂ, ಓದುವವರು ನಾವಿಬ್ಬರೇ. ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನಾನೇ ನಿಮಗೆ ಕಲಿಸಿದ್ದು. ನೀವು ಅಕ್ಷರ ಕೂಡಿಸಿಕೊಂಡು ಜೋರಾಗಿ ಓದುತ್ತೀರಿ. ತಿರುಪ್ಪೂರಿನ ಬನಿಯನ್ ಕಂಪನಿಯವರೆಲ್ಲ ಕೇಳುವಂತೆ ಇದನ್ನು ಓದಬೇಡಿ, ಮಾಳಿಗೆಗೆ ಹೋಗಿ ಓದಿ.

ಹೋದಿರಾ? ಕುಳಿತುಕೊಳ್ಳಿ. ನಮ್ಮ ತೆನ್ಮೊಳಿ ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ಅವಳ ಗೆಳತಿಗೆ ತಿಳಿದು, ಆ ಪುಣ್ಯಾತ್ಮಳು ಬಾಯಿ ಮುಚ್ಚಿಕೊಂಡಿರದೆ ಟೀಚರ್‌ಗೆ ಹೇಳಿದಳು. ಡಾಕ್ಟರಿಗೂ ತೋರಿಸಿದ್ದೇನೆ. ಗಾಯ ಮಾಯುತ್ತಿದೆ, ಮನಸ್ಸಿಗೆ ಇನ್ನೂ ಸ್ವಲ್ಪ ಕಾಲ ಬೇಕಂತೆ. ಒಂದೇ ಸೂರಿನ ಕೆಳಗಿದ್ದೂ ನನಗೆ ಗೊತ್ತಾಗಲಿಲ್ಲ.

ಇನ್ನು ನಿಮ್ಮ ತಾಯಿಯ ಪ್ರತಾಪ. ಸ್ಕೂಲಿನಿಂದ ಫೋನ್ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ, ಅತ್ತೆ ತೆಗೆದರು. ಹುಡುಗಿ ಗುರುವಾರ ಕೌನ್ಸಿಲರನ್ನು ನೋಡಬೇಕು ಎಂದರಂತೆ. ಅತ್ತೆಗೆ ಗೊತ್ತಿರುವ ಕೌನ್ಸಿಲರ್ ಒಬ್ಬರೇ, ನಮ್ಮ ವಾರ್ಡಿನ ಕೃಷ್ಣಸಾಮಿ. ನನಗೆ ಗುರುವಾರ ಸ್ಕೂಲಿಗೆ ಹೋಗಬೇಕಂತೆ ಎಂದಷ್ಟೇ ಹೇಳಿ, ತಾವು ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಅವರ ಮನೆಗೆ ನಡೆದರು. ಚರಂಡಿಯ ದೂರು ತಂದವರ ಸಾಲಿನಲ್ಲಿ ನಿಂತು, "ನಮ್ಮ ಕೊಳಂದೆ, ನನ್ ಮೊಮ್ಮಗಳು, ನಿಮ್ಮನ್ನ ನೋಡ್ಬೇಕಂತೆ ಸಾಮಿ, ಸ್ಕೂಲ್ನವರೇ ಫೋನ್ ಮಾಡವ್ರೆ" ಎಂದು ಒಪ್ಪಿಸಿ ಬಂದರು.

ಮೊನ್ನೆ ಗುರುವಾರ ನಾನು, ತೆನ್ಮೊಳಿ, ಸ್ಕೂಲಿನಲ್ಲಿ ಮಕ್ಕಳ ಮನಸ್ಸಿನ ಕಷ್ಟ ಕೇಳಿ ಸಲಹೆ ಕೊಡುವ ಕಲೈಸೆಲ್ವಿ ಮೇಡಂ ಒಂದು ಸಣ್ಣ ಕೋಣೆಯಲ್ಲಿ ಕುಳಿತಿದ್ದೆವು. ತೆನ್ಮೊಳಿ ತುಟಿ ಬಿಚ್ಚಿರಲಿಲ್ಲ. ಆಗ ಬಿಳಿ ವೇಷ್ಟಿ, ಬಿಳಿ ಶರ್ಟು, ಹಿಂದೆ ಲಡ್ಡು ಡಬ್ಬ ಹಿಡಿದವನೊಬ್ಬ, ಹೀಗೆ ಕೃಷ್ಣಸಾಮಿ ಬಾಗಿಲಲ್ಲಿ ನಿಂತರು. ಬಹುಮಾನ ಕೊಡಲು ಕರೆದಿದ್ದಾರೆ ಎಂದುಕೊಂಡಿದ್ದರಂತೆ. ಕೌನ್ಸಿಲರನ್ನು ಕೇಳಿದ ಹುಡುಗಿ ಯಾರು ಎಂದು ತಮಿಳಿನಲ್ಲಿ ವಿಚಾರಿಸಿದರು. ಮೇಡಂ ಎದ್ದು, "ನಾನ್ ದಾನ್ ಸಾರ್ ಇಂಗೆ ಕೌನ್ಸಿಲರ್" ಎಂದರು. ಇಲ್ಲಿಯ ಕೌನ್ಸಿಲರ್ ತಾನೇ ಎಂದರೆ ಆ ಮನುಷ್ಯನಿಗೆ ಹೇಗಾಗಬೇಡ! ಮುಖ ಬಿಳುಚಿ, "ಎಲೆಕ್ಷನ್ ಎಪ್ಪೋಮ್ಮಾ ನಡಂದದು?" ಎಂದುಬಿಟ್ಟರು.

ತೆನ್ಮೊಳಿ ನಕ್ಕಳು ನೋಡಿ. ಎಲೆಕ್ಷನ್ ಯಾವಾಗ ಆಯಿತು ಎಂಬ ಆ ಪ್ರಶ್ನೆಗೆ ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ಮೇಡಂ ಕೃಷ್ಣಸಾಮಿಯವರಿಗೆ ಏನೂ ಬಿಟ್ಟುಕೊಡದೆ ಮೆಲ್ಲಗೆ ಆಚೆ ಕಳಿಸಿದರು. ಅವರೂ ಒಳ್ಳೆಯವರೇ, ಏನೂ ಕೇಳದೆ ಲಡ್ಡು ಇಟ್ಟು ಹೋದರು. ಆಮೇಲೆ ಮಗಳು ಬಹಳ ಹೊತ್ತು ಮಾತನಾಡಿದಳು. ಅವಳು ಹೇಳಿದ್ದನ್ನು ಬರೆಯುವುದಿಲ್ಲ, ಅದು ಅವಳದು.

ಕಾರಣ ಒಂದೇ ಅಲ್ಲ, ಹುಡುಕಿ ಯಾರ ತಲೆಗೂ ಕಟ್ಟಬೇಡಿ ಎಂದರು ಮೇಡಂ. ನಿಮ್ಮ ತಲೆಗೆ ಕಟ್ಟಲು ಸಿದ್ಧಳಾಗಿ ಹೋಗಿದ್ದ ನನಗೆ ನಿರಾಸೆಯಾಯಿತು. ಮನೆಗೆ ಬಂದು ತೆನ್ಮೊಳಿಯೇ ಅಜ್ಜಿಗೂ ಹೇಳಿದಳು. ಆನೈಮಲೈಗೆ ಹೋಗಿ ಮಾಸಾಣಿಯಮ್ಮನಿಗೆ ಮೆಣಸಿನಕಾಯಿ ಅರೆಯುತ್ತೇನೆ, ಮಗುವಿಗೆ ಈ ಗತಿ ತಂದವರಿಗೆ ಉರಿ ಹತ್ತಲಿ ಎಂದು ಅತ್ತೆ ಹೊರಟರು. ಯಾರ ಹೆಸರು ಹೇಳಿ ಅರೆಯುತ್ತೀರಿ ಎಂದು ಕೇಳಿದೆ. ನನ್ನ ಮುಖ ನೋಡಿದರು, ಗೋಡೆಯ ಮೇಲಿನ ನಿಮ್ಮ ಫೋಟೋ ನೋಡಿದರು, ಮೆಣಸಿನಕಾಯಿಯನ್ನು ಡಬ್ಬಕ್ಕೆ ವಾಪಸು ಸುರಿದರು.

ಇನ್ನು ಪ್ರತಿ ವಾರ ಮೇಡಂ ಅವಳನ್ನು ಕೂರಿಸಿಕೊಂಡು ಮಾತನಾಡುತ್ತಾರಂತೆ. ತಂದೆತಾಯಿ ಇಬ್ಬರೂ ಒಟ್ಟಿಗೆ ಬಂದೇ ಕಾಣಬೇಕೆಂದು ಸ್ಕೂಲಿನ ಕಟ್ಟುನಿಟ್ಟಾದ ನಿಯಮವಿದೆ. ಹಾಗಾಗಿ ಬರುವ ಗುರುವಾರ ಹನ್ನೊಂದು ಗಂಟೆಗೆ ನೀವು ಬರಲೇಬೇಕು. ಕೈ ತೋರಿಸು ಎನ್ನಬೇಡಿ. ಬೈಯಬೇಡಿ. ನನ್ನ ತಲೆಯ ಮೇಲೆ ಆಣೆ ಇಡು ಎಂದು ನಿಮ್ಮ ಬೋಳುತಲೆಯನ್ನು ಮುಂದೆ ಮಾಡಬೇಡಿ. ಆಣೆ ಮುರಿದುಹೋದರೆ ಮಗು ಅದನ್ನೂ ಮುಚ್ಚಿಡುತ್ತದೆ ಎನ್ನುತ್ತಾರೆ ಮೇಡಂ. ಪಕ್ಕದಲ್ಲಿ ಕುಳಿತು ಅವಳು ಹೇಳುವುದನ್ನು ಕೇಳಿದರೆ ಸಾಕು. ಎದುರು ಮಾತಾಡದೆ ಕೇಳುವುದು ನಿಮಗೆ ಕಷ್ಟ, ಅದು ನನಗಿಂತ ಯಾರಿಗೆ ಗೊತ್ತು!

ಇತಿ,
ತೆನ್ಮೊಳಿಯ ಅಮ್ಮ,
ಕಣ್ಣಮ್ಮ

ತಾ.ಕ.: ಇಬ್ಬರೂ ಬರಬೇಕೆಂಬ ನಿಯಮ ಗಿಯಮ ಏನೂ ಇಲ್ಲ, ನಾನು ಕಟ್ಟಿದ್ದು. ಮನಸ್ಸು ತಡೆಯದೆ ಹೋದಾಗ ಮನೆಯಲ್ಲಿ ಯಾರ ಹತ್ತಿರ ಹೋಗುತ್ತೀ ಎಂದು ಮೇಡಂ ಕೇಳಿದರು. ಪಕ್ಕದಲ್ಲೇ ಕುಳಿತಿದ್ದೆ. ಅವಳು ನೆಲ ನೋಡಿಕೊಂಡು, "ಅಪ್ಪ" ಅಂದಳು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅಪ್ಪ ಮನೆಯಲ್ಲಿಲ್ಲವಲ್ಲ ಎಂದರು ಮೇಡಂ. "ಬರ್ತಾರೆ" ಎಂದಳು. ಬರುವಾಗ ಹಾಸಿಗೆ ಸುತ್ತಿಕೊಂಡೇ ಬನ್ನಿ.