ಅಮ್ಮನ ನಲವತ್ತೊಂದು

ಗುರುವಾರ, ಮಾರ್ಚ್ ೧೨

ಆ ನಂಬರ್ ಮುಟ್ಟಲೇಬಾರದಿತ್ತು.

ಆಸ್ಪತ್ರೆಯ ಡೇಟಾಬೇಸ್ ನಡೆಯುವುದು ಮುಕ್ತ ತಂತ್ರಾಂಶದಲ್ಲಿ, ನಮಗೆ ಬೇಕಾದಂತೆ ನಾವೇ ತಿದ್ದಿಕೊಳ್ಳಬಹುದು. ಅದರಲ್ಲಿ ಸಿಬ್ಬಂದಿಯ ಪೈಕಿ ಯಾರಿಗೆ ಯಾವ ನಂಬರ್ ಎಂದು ತೀರ್ಮಾನಿಸುವವಳು ನಾನೇ. ಒಬ್ಬರದ್ದನ್ನು ಇನ್ನೊಬ್ಬರಿಗೆ ಕೊಡಬಾರದೆಂದು ಗೊತ್ತಿದ್ದೂ, ಇಲ್ಲೇ ನರ್ಸಾಗಿದ್ದು ತೀರಿಕೊಂಡ ಅಮ್ಮನ ನಲವತ್ತೊಂದು ಅನಾಥವಾಗದಿರಲೆಂದು ಹೊಸ ನರ್ಸ್ ಹುಡುಗಿಗೆ ಕೊಟ್ಟುಬಿಟ್ಟೆ. ದಾಖಲೆಗಳು ನಂಬರಿಗೆ ಅಂಟಿಕೊಂಡಿರುವುದರಿಂದ ಅಮ್ಮ ದಾಖಲಿಸಿದ್ದೆಲ್ಲ ಆ ಹುಡುಗಿಯ ಹೆಸರಿಗೆ ಹೋಯಿತು.

ಇವತ್ತು ದೊಡ್ಡ ಡಾಕ್ಟರು ಹಳೆಯ ತಪ್ಪು ಡೋಸೊಂದನ್ನು ಹಿಡಿದು ಅವಳನ್ನು ತರಾಟೆಗೆ ತೆಗೆದುಕೊಂಡರು.

“ಸರ್, ಆಗ ನಾನಿನ್ನೂ ಸ್ಕೂಲಲ್ಲಿದ್ದೆ,” ಎಂದು ಹುಡುಗಿ ಅತ್ತಳು.

ಡಾಕ್ಟರು ನನ್ನತ್ತ ತಿರುಗಿದರು. “ಹಾಗಾದ್ರೆ ಈ ಡೋಸ್ ಕೊಟ್ಟಿದ್ದು ಯಾರಮ್ಮಾ? ಬೆಳಿಗ್ಗೆಯೊಳಗೆ ಸರಿಯಾದ ಹೆಸರು ಹಾಕು.”

ಆ ತಪ್ಪಿನ ಮುಂದೆ ಅಮ್ಮನ ಹೆಸರನ್ನು ನಾನೇ ಹಾಕಬೇಕು. ನನಗೆ ಈ ಕೆಲಸ ಕೊಡಿಸಲು ಕಂಡಕಂಡವರ ಕಾಲು ಹಿಡಿದವಳು ಅವಳೇ.