ಯಾದೆಲಿಸ್‌ಳ ಎಡಗಾಲು

ಮಾರ್ಚ್ 12, ಗುರುವಾರ. ಮತಾನ್ಸಾಸ್ ಕ್ರೀಡಾ ಹಾಸ್ಟೆಲ್.

ಹಾಗೆ ಹೇಳಬಾರದಿತ್ತು. ಬೆಳಗಿನಿಂದ ತಲೆಯಲ್ಲಿ ಇದೊಂದೇ.

ಪೋಲ್ ಹಿಡಿದು ಓಡಿ ಹಾರುವವಳಿಗೆ ತನ್ನ ಕೊನೆಯ ಹೆಜ್ಜೆ ಎಲ್ಲಿ ಬಿತ್ತೆಂದು ಕಾಣುವುದಿಲ್ಲ. ಜೊತೆಯವಳು ಪಕ್ಕದಲ್ಲಿ ಕೂತು ನೋಡಿ ಕೂಗಬೇಕು. ಯಾದೆಲಿಸ್‌ಗೆ ನಾನು ಕೂಗುತ್ತೇನೆ, ನನಗೆ ಅವಳು. ಶನಿವಾರದ ಟ್ರಯಲ್‌ನಲ್ಲಿ ನಮ್ಮಿಬ್ಬರಲ್ಲಿ ಒಬ್ಬಳು ಮಾತ್ರ ಟೀಮಿಗೆ. ಇನ್ನೊಬ್ಬಳು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ.

ಈ ವಾರ ಅವಳ ಸ್ಪ್ರಿಂಟ್ ಜೋರಾಗಿದೆ. ಹೆಜ್ಜೆ ಉದ್ದವಾಗಿ, ನೆಲ ಒದ್ದು ಮೇಲೇಳುವ ಎಡಗಾಲು ಗುರುತು ದಾಟಿ ಒಂದು ಗೇಣು ಮುಂದೆ ಬೀಳುತ್ತಿದೆ; ಅಷ್ಟು ಹತ್ತಿರದಿಂದ ಹಾರಿದರೆ ಪೋಲು ಹಿಂದಕ್ಕೆ ತಳ್ಳುತ್ತದೆ. ಓಟ ಶುರುಮಾಡುವ ಜಾಗವನ್ನು ಅಷ್ಟೇ ಹಿಂದಕ್ಕೆ ಸರಿಸಿದರೆ ಸಾಕು, ನನಗಿಂತ ಮೇಲೆ ಹಾರುತ್ತಾಳೆ.

"ಕಾಲು ಎಲ್ಲಿ ಬಿತ್ತೇ, ಕಡ್ಡಿ?" ಮ್ಯಾಟ್ ಮೇಲಿಂದ ಕೇಳಿದಳು; ಸಣಕಲಿಯಾದ ನನ್ನನ್ನು ಅವಳು ಕರೆಯುವುದೇ ಹಾಗೆ.

"ಸರಿಯಾಗಿ ಗುರುತಿನ ಮೇಲೆ."

"ಮತ್ಯಾಕೆ ಈ ಪೋಲು ನನ್ನ ಹಿಂದಕ್ಕೆ ಒದೀತಿದೆ?"

ಆಚೆ ಜಾವೆಲಿನ್ ಹುಡುಗರ ಜೊತೆಗಿದ್ದ ಕೋಚ್ ಎವೆಲಿಯೊ ನಕ್ಕರು. "ಕಾಲು ಸರಿ ಇದ್ರೆ ಎದೆ ಪುಕ್ಕಲು ಅಂತ ಅರ್ಥ, ಮಗಳೇ. ಇನ್ನೂ ಜೋರಾಗಿ ಓಡು!"

ಓಡಿದಳು, ಆರು ಸಲ. ಜೋರಾದಷ್ಟೂ ಕಾಲು ಇನ್ನೂ ಮುಂದೆ. ಆರು ಸಲವೂ ನಾನು ಅದನ್ನೇ ಕೂಗಿದೆ.

ಊಟದಲ್ಲಿ ತನ್ನ ಹುರಿದ ಬಾಳೆಕಾಯಿಯನ್ನು ನನ್ನ ತಟ್ಟೆಗೆ ಹಾಕಿದಳು. "ನಾನು ಪುಕ್ಕಲಿ ಆಗ್ಬಿಟ್ಟೆ ಕಣೇ. ಸದ್ಯ, ನಿನ್ನ ಕಣ್ಣಾದ್ರೂ ಇದೆ."

ಅದನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಈಗ ಮೇಲಿನ ಮಂಚದಲ್ಲಿ ಹೊರಳುತ್ತಿದ್ದಾಳೆ. ಒಂದು ಗೇಣು ಎಂದು ಹೇಳಿದರೆ ಮುಗಿಯಿತು. ಎರಡು ಸಲ ಬಾಯಿ ತೆರೆದೆ. ನಾಳೆ ಹೇಳಿದರೂ ಆಗುತ್ತದೆ, ಶನಿವಾರಕ್ಕೆ ಇನ್ನೂ ಒಂದು ದಿನ ಇದೆಯಲ್ಲ ಎಂದು ಡೈರಿ ಮುಚ್ಚುತ್ತಿದ್ದೇನೆ.