ಹನ್ನೊಂದು ಗಂಟೆಯ ಬಲೆ

ಪ್ರವಾಸ ಕಂಪನಿಯ ಮ್ಯಾನೇಜರ್ ಸಾಹೇಬರಿಗೆ, ದ್ವೀಪದಿಂದ ನಿಮ್ಮ ದೋಣಿಯವನ ನಮಸ್ಕಾರ.

ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರಕ್ಕೆ ಉತ್ತರವಾಗಿ ಬಂದದ್ದು ನಿಮ್ಮ ಹೊಸ ಕರಪತ್ರ. ಅದರಲ್ಲೂ ಬೆಳಿಗ್ಗೆ ಕಡಲತೀರ, ಆಮೇಲೆ ಹಕ್ಕಿಗಳ ಕಾಡು, ಹನ್ನೊಂದಕ್ಕೆ 'ಹಳೇ ಮೀನುಗಾರನ ಬಲೆ' ಎಂದೇ ಇದೆ. ಆ ಹಳೇ ಮೀನುಗಾರ ನನ್ನ ಅಪ್ಪ. ಅತಿಥಿಗಳ ಮುಂದೆ ಬಲೆ ಬೀಸಲು ಅವರನ್ನು ಹಟ ಹಿಡಿದು ಒಪ್ಪಿಸಿದವನು ನಾನೇ, ಒಪ್ಪಿಕೊಳ್ಳುತ್ತೇನೆ.

ಆದರೆ ಬಿಸಿಲೇರಿದ ಮೇಲೆ ಮೀನು ದಡದ ಹತ್ತಿರ ಸುಳಿಯುವುದಿಲ್ಲ. ಈ ತಿಂಗಳು ಇಪ್ಪತ್ತಾರು ಸಲ ಬೀಸಿದ್ದಾರೆ, ಇಪ್ಪತ್ತೈದು ಸಲ ಬಲೆ ಖಾಲಿ. "ಮೀನಿಗೂ ನಿನ್ನ ಮ್ಯಾನೇಜರು ಟೈಂಟೇಬಲ್ ಕೊಟ್ಟಿದಾನೇನೋ?" ಎಂದು ಅಪ್ಪ ಮೊದಮೊದಲು ರೇಗುತ್ತಿದ್ದರು. ಅತಿಥಿಗಳು "ಪಾಪ, ತಾತಂಗೆ ಕೈಲಾಗಲ್ಲ" ಅನ್ನತೊಡಗಿದ ಮೇಲೆ ರೇಗುವುದನ್ನೂ ಬಿಟ್ಟರು.

ನಿನ್ನೆ ಬಲೆಯಲ್ಲಿ ದೊಡ್ಡ ಮೀನು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹತ್ತಿರ ಹೋಗಿ ನೋಡಿದರೆ, ಅದರ ಹೊಟ್ಟೆ ಸೀಳಿ ತೊಳೆದಾಗಿತ್ತು. ಐವತ್ತು ವರ್ಷ ಕಡಲಿಗಿಳಿದ ಅಪ್ಪ ಅಂಗಡಿಯಿಂದ ಮೀನು ತಂದು ಬಲೆಗೆ ಹಾಕಿಕೊಂಡಿದ್ದರು.

ದಯವಿಟ್ಟು ಬಲೆಯ ಹೊತ್ತನ್ನು ಬೆಳಗಿನ ಐದೂವರೆಗೆ ಬದಲಿಸಿ. ಅತಿಥಿಗಳು ಏಳುವುದಿಲ್ಲವಾದರೆ ಆ ಸಾಲನ್ನೇ ಹೊಡೆದುಹಾಕಿ. ಅಲ್ಲಿಯವರೆಗೆ ನನ್ನ ದೋಣಿ ಆ ದಡ ಮುಟ್ಟುವುದಿಲ್ಲ. ಅತಿಥಿಗಳು ಕೇಳಿದರೆ ಎಂಜಿನ್ ಕೆಟ್ಟಿದೆ ಅನ್ನುತ್ತೇನೆ. ಸುಳ್ಳು ಹೇಳುವ ಕೆಲಸ ನನಗಿರಲಿ, ಅಪ್ಪನಿಗೆ ಬೇಡ.

ಉತ್ತರದ ನಿರೀಕ್ಷೆಯಲ್ಲಿ, ಈ ಸಲ ಕರಪತ್ರ ಬೇಡ,
ದೋಣಿಯವನು